ಹತ್ತಿ ಹಾದಿಯ ಕಂಪನಿಗಳು

ಸವದತ್ತಿಯಿಂದ ಬೈಲಹೊಂಗಲದ ಕಡೆಗೆ ಹೊರಟರೆ ರಸ್ತೆಯ ಎರಡೂ ಮಗ್ಗಲು ಎರೆಹೊಲ. ಮಾಘದ ಬಿಸಿಲಿಗೆ ನೆಲ ಬಿರಿದಿದೆ. ಬಿರುಕಿನಲ್ಲಿ ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುತ್ತದೆ, ತಳದಲ್ಲಿ ಮಾತ್ರ ಇನ್ನೂ ತಂಪು. ಆ ತಂಪನ್ನೇ ಕುಡಿದು ಹತ್ತಿ ಒಡೆದಿದೆ. ಹೆಣ್ಣುಮಕ್ಕಳು ಸಾಲು ಹಿಡಿದು ಬಿಡಿಸುತ್ತಿದ್ದಾರೆ. ಮೂರು ಬೆರಳು ಕೂಡಿಸಿ ಒಂದೇ ಸೆಳೆತಕ್ಕೆ ತೊಳೆಯನ್ನು ಕಾಯಿಯಿಂದ ಬಿಡಿಸಬೇಕು, ಹಾಗೇ ಉಡಿಗೆ ಹಾಕಬೇಕು. ಕೈ ತುಸು ಅವಸರ ಮಾಡಿದರೆ ಒಣಗಿದ ಎಲೆ ಪುಡಿಯಾಗಿ ಅರಳೆಗೆ ಅಂಟಿಕೊಳ್ಳುತ್ತದೆ.

"ಎಲಿ ಹತ್ತೀತು ನೋಡವಾ, ಸಾವಕಾಶ ತಗಿ," ಎನ್ನುತ್ತಾಳೆ ಸಾಲಿನ ಹಿರಿಯಾಕೆ, ಪಕ್ಕದ ಹುಡುಗಿಗೆ.

ಎಲೆ ಹತ್ತಿದರೆ ಪೇಟೆಯಲ್ಲಿ ದರ ಬೀಳುತ್ತದೆ. ಈ ಚಿಂತೆ ಇಂದಿನದಲ್ಲ. ಒಂದೂವರೆ ಶತಮಾನದ ಹಿಂದೆ ಲಿವರ್‌ಪೂಲಿನ ವ್ಯಾಪಾರಿಗಳು ಇದನ್ನೇ ದೊಡ್ಡ ದೂರು ಮಾಡಿದರು. ಹಿಂದುಸ್ತಾನದ ಹತ್ತಿಯಲ್ಲಿ ಕಸ, ಮಣ್ಣು, ಕಾಳು ಬೆರೆತಿರುತ್ತದೆ ಎಂಬ ಅವರ ಗದ್ದಲಕ್ಕೆ ಮುಂಬಯಿ ಸರಕಾರ 1863ರಲ್ಲಿ ಹತ್ತಿ ಮೋಸ ತಡೆಯುವ ಕಾಯಿದೆಯನ್ನೇ ತಂದಿತು. ಸವದತ್ತಿಯ ಹೊಲದ ಒಂದು ಒಣ ಎಲೆಗೆ ಸಮುದ್ರದಾಚೆ ಅಷ್ಟು ತೂಕವಿತ್ತು.

ಆದರೆ ಈ ಸೀಮೆಗೆ ಕಾಲಿಟ್ಟ ಮೊದಲ ಬ್ರಿಟಿಷ್ ವ್ಯಾಪಾರಿ ಸಂಸ್ಥೆ ತಕ್ಕಡಿ ಹಿಡಿದು ಬರಲಿಲ್ಲ. ಕಿತ್ತೂರಿನ ಕೋಟೆಗೆ ಹೋಗಿ ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ಮಾಡು ಬಿದ್ದ ಅರಮನೆ, ಮೊಂಡಾದ ಗೋಡೆಗಳು, ಧ್ರುವ ನಕ್ಷತ್ರ ನೋಡಲೆಂದು ಇಟ್ಟ ಕಿಂಡಿ. 1600ರ ಕೊನೆಯ ದಿನ ಸನದು ಪಡೆದ ಈಸ್ಟ್ ಇಂಡಿಯಾ ಕಂಪನಿ ಮೂಲತಃ ಲಂಡನ್ನಿನ ಶೇರುದಾರರ ಅಂಗಡಿ. ಕಿತ್ತೂರಿನ ಯುದ್ಧದ ಕಾಲಕ್ಕೆ ಅದು ತನ್ನ ಶೇರುದಾರರಿಗೆ ವರ್ಷಕ್ಕೆ ನೂರಕ್ಕೆ ಹತ್ತೂವರೆಯಂತೆ ಲಾಭ ಹಂಚುತ್ತಿತ್ತು. 1824ರಲ್ಲಿ ದೊರೆಗೆ ಹೆತ್ತ ಮಗನಿಲ್ಲವೆಂಬ ನೆಪದಿಂದ ಅದರ ಕಲೆಕ್ಟರ್ ಥ್ಯಾಕರೆ ಇಲ್ಲಿಯ ಖಜಾನೆಗೆ ಮೊಹರು ಹಾಕಿದ. ಅಕ್ಟೋಬರ್ 23ರಂದು ಇದೇ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಆಕೆಯ ಸಮಾಧಿ ಇರುವ ಊರೇ ಮುಂದೆ ಹತ್ತಿಯ ದೊಡ್ಡ ಪೇಟೆಯಾಯಿತು. ಕಂಪನಿಗಳ ಚರಿತ್ರೆ ಹೇಳುವವರು ಈ ಪುಟವನ್ನು ಬಿಟ್ಟು ಮುಂದೆ ಹೋಗಬಾರದು.

ಮುಂದೆ ಹೋದರೆ ಹತ್ತಿಯದೇ ಕಥೆ. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರ್ ಶಾ ನ್ಯೂ ಆರ್ಲಿಯನ್ಸಿನ ಬೀಜ ಹಂಚಿ 'ಧಾರವಾಡ ಅಮೆರಿಕನ್' ತಳಿಯನ್ನು ನೆಲೆಗೊಳಿಸಿದ. ನಮ್ಮ ಜವಾರಿ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಲಿವರ್‌ಪೂಲಿನ ದರಪಟ್ಟಿಯಲ್ಲಿ ಅದರ ಹೆಸರು 'ಕುಮಟಾ'. ಬೆಳೆದ ಊರಿನ ಹೆಸರು ಯಾವ ಪಟ್ಟಿಗೂ ಏರಲಿಲ್ಲ.

ಆಗ ಅರಳೆ ಬಿಡಿಸುವ ಜಿನ್ನು ಹೆಣ್ಣುಮಕ್ಕಳ ಕಾಲೇ ಆಗಿತ್ತು. ನುಣುಪಾದ ಚಪ್ಪಟೆ ಕಲ್ಲು, ಅದರ ಮೇಲೆ ಬೆರಳು ಗಾತ್ರದ ಕಬ್ಬಿಣದ ಸಲಾಕೆ. ಪಾದಕ್ಕೆ ಮರದ ಅಟ್ಟೆ ಕಟ್ಟಿಕೊಂಡು, ಗಿಡ್ಡ ಮಣೆಯ ಮೇಲೆ ಕುಳಿತು, ಸಲಾಕೆಯನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸುವುದು. ಹತ್ತಿ ಅಡಿಗೆ ಸಿಕ್ಕಂತೆ ಅರಳೆ ಆಚೆ ಹೊರಳುತ್ತದೆ, ಕಾಳು ಈಚೆ ಉಳಿಯುತ್ತದೆ. ಎಳೆ ಒಂದೂ ಹರಿಯುವುದಿಲ್ಲ. ಹಲ್ಲಿನ ಜಿನ್ನು ಬಂದಾಗ ಅದು ಅಮೆರಿಕನ್ ತಳಿಗೆ ಹೊಂದಿತು, ಜವಾರಿ ಹತ್ತಿಯ ಎಳೆಯನ್ನು ಮಾತ್ರ ಕತ್ತರಿಸಿತು. ಆ ಕಾಲಿನ ಕಸುಬು ಯಂತ್ರಕ್ಕಿಂತ ನಿಧಾನವಾದರೂ ಕೀಳಾಗಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

1860ರಲ್ಲಿ ಗಿರಣಿ ಧಣಿಗಳೇ ಸೇರಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದರು. ಈ ಸೀಮೆಯ ಹತ್ತಿಯನ್ನು ನೇರ ಕೊಂಡು ಕಾರವಾರದ ಹತ್ತಿರದ ಸದಾಶಿವಗಡದಿಂದ ಸಾಗಿಸುವುದು ಅವರ ಲೆಕ್ಕ. ಅಮೆರಿಕದಲ್ಲಿ ಒಳಯುದ್ಧ ಹತ್ತಿಕೊಂಡಿತು, ಹತ್ತಿಯ ಬೆಲೆ ಮುಗಿಲು ಮುಟ್ಟಿತು. ಬಂದರದ ಆಸೆಗಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಯಂತ್ರಗಳು ದಡಕ್ಕೆ ಬಂದು ಬಿದ್ದವು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1865ರಲ್ಲಿ ಯುದ್ಧ ನಿಂತು ಬೆಲೆ ಕುಸಿಯಿತು.

ಆಮೇಲೆ ರೇಲ್ವೆ. ಲಂಡನ್ನಿನಲ್ಲಿ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೇಲ್ವೆ ಕಂಪನಿ ಧಾರವಾಡದಲ್ಲಿ ತನ್ನ ಕಚೇರಿ ಕಟ್ಟಿತು. ಇಂದಿನ ಕರ್ನಾಟಕ ಕಾಲೇಜು ಇರುವುದು ಅದೇ ಕಟ್ಟಡದಲ್ಲಿ. ಆದರೆ ಹಳಿಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕನ್ನೂ ಬದಿಗಿಟ್ಟು ಸಾಗಿದವು. ಅಂಡಿಗೆ ಹೇರಿದ ಚಕ್ಕಡಿಗಳೇ ಇಲ್ಲಿಯ ಗೂಡ್ಸ್ ಗಾಡಿ.

ಹತ್ತಿಯ ಜಾಡು ಹಿಡಿದು ಬಡಗಣಕ್ಕೆ ಹೋದರೆ ಗೋಕಾಕ ಫಾಲ್ಸ್. ಶ್ರಾವಣದಲ್ಲಿ ಘಟಪ್ರಭೆ ಕೆಂಪು ನೀರು ಹೊತ್ತು ಕುದುರೆ ಲಾಳದ ಆಕಾರದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ತೂಗುಸೇತುವೆಯ ಮೇಲೆ ನಿಂತವರ ಮುಖಕ್ಕೆ ತುಂತುರು, ಕಾಲಡಿ ಹಲಗೆಗೆ ನಡುಕ. ದಂಡೆಯಲ್ಲಿ ಕಲ್ಲಿನ ಗಿರಣಿ, ಅದರ ಮಗ್ಗುಲಿಂದ ಕಮರಿಗೆ ಇಳಿದ ದಪ್ಪ ಕೊಳವೆಗಳು. ಈ ಬೀಳುವ ನೀರಿನಲ್ಲಿ ಬಲ ಕಂಡ ಮುಂಬಯಿಯ ರಿಚಿ ಸ್ಟುವರ್ಟ್ ಕಂಪನಿ 1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯನ್ನು ಹುಟ್ಟುಹಾಕಿತು. ಮುಂದೆ ಆಡಳಿತ ಫೋರ್ಬ್ಸ್ ಮನೆತನದ ಕಂಪನಿಯ ಕೈಗೆ ಬಂತು. ಸ್ಕಾಟ್‌ಲೆಂಡಿನ ಅಬರ್ಡೀನ್ ಸೀಮೆಯಿಂದ ಬಂದ ಜಾನ್ ಫೋರ್ಬ್ಸ್ 1767ರಲ್ಲಿ ಮುಂಬಯಿಯಲ್ಲಿ ತೆರೆದ ಅಂಗಡಿ ಅದು. ಹತ್ತಿ ರಫ್ತು, ಹಡಗು, ಸಾಲ ಎಲ್ಲದರಲ್ಲೂ ಕೈಯಾಡಿಸಿ, ಈಸ್ಟ್ ಇಂಡಿಯಾ ಕಂಪನಿಗೇ ಹಣ ಕೊಡುವಷ್ಟು ಬೆಳೆಯಿತು. ಸ್ವಾತಂತ್ರ್ಯಾನಂತರ ಟಾಟಾ, ಬಳಿಕ ಶಾಪೂರ್ಜಿ ಪಲ್ಲೋನ್‌ಜಿ ಸಮೂಹ ಅದರ ಒಡೆಯರಾದರು. ಧಣಿಗಳು ಬದಲಾದರೂ ಭೋಂಗಾ ಕೂಗಿದಾಗ ಪಾಳಿಗೆ ಎದ್ದು ಹೋದವರು ಇದೇ ಸೀಮೆಯವರು. ಗಿರಣಿ ನೂಲು ಬಂದು ಕೈನೂಲು ನಿಂತ ಮೇಲೂ ರಾಮದುರ್ಗದ ನೇಕಾರರ ಕೈಮಗ್ಗ ಬದುಕಿ ಉಳಿಯಿತು.

ಇಂಗ್ಲೆಂಡಿನವರು ತಮ್ಮ ಕಂಪನಿಗಳ ಕಾಗದ ಕಾಪಾಡಿಕೊಂಡಿದ್ದಾರೆ. ಹತ್ತಿ ಜಿನ್ನುಗಳಿಂದ ಹಿಡಿದು ಮಗ್ಗದವರೆಗೆ ಜಗತ್ತಿಗೇ ಯಂತ್ರ ಮಾಡಿ ಕಳಿಸಿದ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಮುಚ್ಚಿ ದಶಕಗಳಾದವು, ಅದರ ದಾಖಲೆ ಮಾತ್ರ ಲಂಕಾಶೈರಿನ ದಫ್ತರಖಾನೆಯಲ್ಲಿ ಭದ್ರವಾಗಿದೆ. ನಮ್ಮ ಕಡೆಯ ಲೆಕ್ಕ ನಮ್ಮ ಅಡತಿ ಅಂಗಡಿಗಳ ಅಟ್ಟದಲ್ಲಿದೆ. ಕೆಂಪು ಬಟ್ಟೆ ಹೊದಿಸಿದ ಕೀರ್ದಿ, ಖಾತೆ ಪುಸ್ತಕಗಳು ಗೆದ್ದಲಿಗೂ ರದ್ದಿಗೂ ಹೋಗುತ್ತಿವೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಅಡತಿ ಮನೆತನದವರಲ್ಲಿ, ಹಳೆಯ ಜಿನ್ನುಗಳ ಮಾಲಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ದೀಪಾವಳಿಗೆ ಅಟ್ಟ ಹಸನು ಮಾಡುವಾಗ ಆ ಪುಸ್ತಕಗಳನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ. ಊರಿನ ಕಾಲೇಜಿನ ಇತಿಹಾಸ ಮೇಷ್ಟರನ್ನು ಕರೆದು ತೋರಿಸಿ. ಮೇಷ್ಟರೇ, ನೀವೂ ಕರೆ ಬರಲೆಂದು ಕಾಯಬೇಡಿ, ನೀವೇ ಹೋಗಿ ಕೇಳಿ.