ಸ್ಕ್ಯಾನ್ ‘ನಾರ್ಮಲ್’ ಅಂದರೆ ಮಗುವಿಗೆ ಕೇಳಿಸುತ್ತೆ ಅಂತಲ್ಲ

“ಆಪಾ, ಎಂಆರ್‌ಐ ನಾರ್ಮಲ್ ಅಂತ ಬರೆದಿದ್ದಾರೆ. ಕಿವಿ ಚೆನ್ನಾಗಿದೆ ಅಂದ್ಮೇಲೆ ಆಪರೇಷನ್ ಯಾಕೆ?” ಮುಂಬೈಯ ನಮ್ಮ ಶಾಲೆಯಲ್ಲಿ ಓದುವ ಹುಡುಗಿಯೊಬ್ಬಳ ತಾಯಿ, ಕಲಬುರಗಿ ಕಡೆಯವರು, ಚಿಕ್ಕ ಮಗನ ಫೈಲನ್ನು ನನ್ನ ಮುಂದಿಟ್ಟು ಕೇಳಿದರು. ಇಂಗ್ಲಿಷ್ ರಿಪೋರ್ಟನ್ನು ನೆರೆಮನೆಯವರು ಓದಿ ಹೇಳಿದ್ದರಂತೆ. ಆ ಒಂದು ಪದದ ಧೈರ್ಯದಲ್ಲಿ ಫೈಲ್ ಎಂಟು ತಿಂಗಳು ಬೀರುವಿನಲ್ಲೇ ಇತ್ತು. ನಾನು ಡಾಕ್ಟರ್ ಅಲ್ಲ, ಟೀಚರ್. ಅವರ ಜೊತೆ ಆಸ್ಪತ್ರೆಗೆ ಹೋಗಿ ಕೇಳಿ ತಿಳಿದದ್ದನ್ನು ನಿಮಗೂ ಹೇಳ್ತೀನಿ.

ಮಗುವಿಗೆ ಎಷ್ಟು ಕೇಳಿಸುತ್ತದೆ ಎಂದು ಸ್ಕ್ಯಾನ್ ಹೇಳುವುದಿಲ್ಲ. ಅದಕ್ಕೆ ‘ಬೇರಾ’ದಂಥ ಶ್ರವಣ ಪರೀಕ್ಷೆಗಳಿವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಭಾಗವೇ ಕಾಕ್ಲಿಯಾ. ಅದರೊಳಗಿನ ಕೂದಲುಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಹುಟ್ಟು ಕಿವುಡಿನಲ್ಲಿ ಬಹಳ ಸಲ ಕೆಟ್ಟಿರುವುದು ಈ ಕೋಶಗಳೇ. ಇವು ಎಷ್ಟು ಚಿಕ್ಕವೆಂದರೆ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಕೆಟ್ಟ ಕೋಶಗಳನ್ನು ಬಿಟ್ಟು, ಕಾಕ್ಲಿಯಾದೊಳಗೆ ತೂರಿಸಿದ ಎಲೆಕ್ಟ್ರೋಡ್ ತಂತಿಯಿಂದ ನೇರವಾಗಿ ನರಕ್ಕೇ ಸಂಕೇತ ಕೊಡುತ್ತದೆ. ಹಾಗಾಗಿ ಸರ್ಜನ್ ಮುಖ್ಯವಾಗಿ ನೋಡುವುದು ಎರಡು: ತಂತಿ ಹೋಗಲು ದಾರಿ ಇದೆಯಾ? ಸಂಕೇತ ಒಯ್ಯಲು ನರ ಇದೆಯಾ? ರಿಪೋರ್ಟು ‘ನಾರ್ಮಲ್’ ಅಂದರೆ ಎರಡೂ ಇವೆ, ಆಪರೇಷನ್ ಮಾಡಬಹುದು ಅಂತ. ಬೇಡ ಅಂತಲ್ಲ.

ಸಿಟಿ ಸ್ಕ್ಯಾನ್ ಮೂಳೆಯನ್ನು ತೋರಿಸುತ್ತದೆ: ಕಾಕ್ಲಿಯಾದ ಸುತ್ತು ಪೂರ್ತಿ ಇವೆಯೇ, ಮುಖದ ನರ ಎಲ್ಲಿ ಹಾದುಹೋಗಿದೆ. ಮೂಳೆ ಕೊರೆಯುವಾಗ ಆ ನರಕ್ಕೆ ಪೆಟ್ಟಾದರೆ ಮುಖ ಸೊಟ್ಟಗಾದೀತು. ಇದರಲ್ಲಿ ಎಕ್ಸ್‌ರೇ ಇರುತ್ತದೆ, ಎಂಆರ್‌ಐಯಲ್ಲಿ ಇಲ್ಲ. ಎಂಆರ್‌ಐ ಕಾಕ್ಲಿಯಾದೊಳಗಿನ ದ್ರವವನ್ನೂ ನರವನ್ನೂ ತೋರಿಸುತ್ತದೆ. ಮೆದುಳಿನ ಕಡೆ ಹೋಗುವ ಮೂಳೆಯ ಕಾಲುವೆಯನ್ನು ಅಡ್ಡ ಕೊಯ್ದಂತೆ ತೆಗೆದ ಚಿತ್ರದಲ್ಲಿ ನಾಲ್ಕು ಚುಕ್ಕೆಗಳಿರುತ್ತವೆ. ಒಂದು ಮುಖದ ನರ, ಎರಡು ಸಮತೋಲನದವು, ಒಂದು ಕೇಳಿಸುವ ನರ. ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಾಗ ಆ ತಾಯಿ ನಾಲ್ಕನ್ನೂ ಎರಡು ಸಲ ಎಣಿಸಿದರು. ಕೇಳಿಸುವ ನರದ ಚುಕ್ಕೆ ತೀರಾ ಸಣ್ಣದಿದ್ದರೆ ಇಂಪ್ಲಾಂಟಿನ ಫಲ ಕಡಿಮೆಯಾಗಬಹುದು. ಕಾಕ್ಲಿಯಾವೇ ಇಲ್ಲದಿದ್ದರೆ ಇಂಪ್ಲಾಂಟ್ ಹಾಕಲಾಗುವುದಿಲ್ಲ. ಲಕ್ಷಗಟ್ಟಲೆ ಖರ್ಚಿಗೆ ಮುಂಚೆ ಇದು ಗೊತ್ತಾಗಬೇಕಲ್ಲವೇ?

ಮೆನಿಂಜೈಟಿಸ್ ಬಂದು ಕಿವಿ ಹೋದ ಮಕ್ಕಳ ವಿಷಯದಲ್ಲಂತೂ ಕಾಯಲೇಬಾರದು. ಕೆಲವರಲ್ಲಿ ಕೆಲವೇ ವಾರಗಳಲ್ಲಿ ಕಾಕ್ಲಿಯಾದೊಳಗೆ ಮೂಳೆ ಬೆಳೆಯತೊಡಗಿ ತಂತಿಯ ದಾರಿ ಮುಚ್ಚುತ್ತದೆ. ಸಿಟಿಯಲ್ಲಿ ಮೂಳೆ ಕಾಣುವ ಮೊದಲೇ ದ್ರವ ಕಡಿಮೆಯಾದದ್ದು ಎಂಆರ್‌ಐಯಲ್ಲಿ ಕಾಣಬಹುದು.

ಚಿಕ್ಕ ಮಕ್ಕಳು ಎಂಆರ್‌ಐ ಮುಗಿಯುವವರೆಗೆ ಅಲ್ಲಾಡದೆ ಮಲಗುವುದಿಲ್ಲ, ಆದ್ದರಿಂದ ಮಂಪರು ಬರಿಸುತ್ತಾರೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಹಾಲು, ನೀರು ಯಾವಾಗ ನಿಲ್ಲಿಸಬೇಕು ಎಂದು ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಅತ್ತಿತೆಂದು ಅಜ್ಜಿ ಬಾಯಿಗೆ ಬಿಸ್ಕತ್ತು ಇಟ್ಟರೆ ಅವತ್ತಿನ ಸ್ಕ್ಯಾನ್ ಹೋದಂತೆಯೇ! ಹಳೆಯ ಫಿಲ್ಮ್, ಸಿಡಿ ಬಿಸಾಡಬೇಡಿ. ಇಂಪ್ಲಾಂಟಿನಲ್ಲಿ ಆಯಸ್ಕಾಂತ ಇರುವುದರಿಂದ ಆಮೇಲೆ ಎಂಆರ್‌ಐ ಮಾಡಿಸಬೇಕಾದರೆ ಅದನ್ನು ಮೊದಲೇ ತಿಳಿಸಬೇಕು.

ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಹುಟ್ಟು ಕಿವುಡಿನ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ, ಆದರೆ ವಯಸ್ಸು 1ರಿಂದ 5 ವರ್ಷದೊಳಗಿರಬೇಕು. ಅದರ ಕೆಲಸ ನೋಡಿಕೊಳ್ಳುವ ಅಲಿ ಯಾವರ್ ಜಂಗ್ ಸಂಸ್ಥೆ ಇಲ್ಲೇ ಬಾಂದ್ರಾದಲ್ಲಿದೆ. ನಾವು ಅರ್ಜಿ ವಿಚಾರಿಸಲು ಹೋದ ದಿನ ಆ ಹುಡುಗನಿಗೆ ನಾಲ್ಕು ವರ್ಷ ಎರಡು ತಿಂಗಳು.