ತಾಂಡಾದ ಸೂಜಿ, ಪೇಟೆಯ ಕೈಚೀಲ

ರಾಯಚೂರು, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಚದುರಿರುವ ತಾಂಡಾಗಳಲ್ಲಿ, ಎಂದರೆ ಲಂಬಾಣಿಗರ ವಸತಿಗಳಲ್ಲಿ, ಕಸೂತಿಯು ಮೂಲತಃ ಮಾರಾಟದ ಸರಕಾಗಿರಲಿಲ್ಲ. ಹೆಂಗಸರು ಫೇಟಿಯಾ ಎಂಬ ಲಂಗಕ್ಕೂ ಕಾಂಚಳಿ ಎಂಬ ಕುಪ್ಪಸಕ್ಕೂ ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ತಾವು ಉಡುವುದಕ್ಕೆಂದೇ ಹೊಲಿಯುತ್ತಿದ್ದರು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ಊರೂರಿಗೆ ಸಾಗಿಸುತ್ತಿದ್ದ ಈ ಸಮುದಾಯದ ಕಸುಬನ್ನು ರೈಲು ಮತ್ತು ರಸ್ತೆಗಳು ಕಿತ್ತುಕೊಂಡ ಮೇಲೆ ಕೃಷಿ ಕೂಲಿಯೂ ಗುಳೆಯೂ, ಅಂದರೆ ದುಡಿಮೆಗಾಗಿ ಊರು ಬಿಟ್ಟು ಹೋಗುವುದೂ, ಅನೇಕ ಕುಟುಂಬಗಳ ಪಾಲಿಗೆ ಬಂದವು.

ಈ ಕೌಶಲವನ್ನೇ ಜೀವನೋಪಾಯವಾಗಿಸಲು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1984ರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಆರಂಭವಾಯಿತು. ಇಲ್ಲಿ ವಿನ್ಯಾಸವೆಂದರೆ ಹೊಸ ಚಿತ್ತಾರವನ್ನು ಹೊರಗಿನಿಂದ ತಂದು ಹೇರುವುದಲ್ಲ. ಕಿಲನ್, ವೇಲೆ, ಬಕ್ಕ್ಯಾ ಮುಂತಾದ ರೂಢಿಯ ಹೊಲಿಗೆಗಳನ್ನು ಹಾಗೆಯೇ ಉಳಿಸಿಕೊಂಡು, ಅವು ಕೂರುವ ವಸ್ತುವನ್ನು ಬದಲಿಸುವುದು. ಪೂರ್ಣ ಉಡುಪಿಗೆ ಬಹುಕಾಲದ ದುಡಿಮೆ ಬೇಕಾಗುವುದರಿಂದ ಅದರ ಬೆಲೆ ಸಾಮಾನ್ಯ ಗ್ರಾಹಕರ ಕೈಗೆಟುಕದು. ಕೈಚೀಲ, ಪರ್ಸು, ದಿಂಬಿನ ಹೊದಿಕೆಗಳಲ್ಲಾದರೆ ಅಂಗೈಯಗಲದ ಕಸೂತಿಯೇ ವಸ್ತುವಿಗೆ ಮೆರುಗು ಕೊಡುತ್ತದೆ, ಮನೆಗೆಲಸದ ನಡುವೆ ಬಿಡುವಾದಾಗ ಅದನ್ನು ಹೊಲಿದು ಮುಗಿಸಲೂಬಹುದು.

ಸಂಡೂರಿನ ಲಂಬಾಣಿ ಕಸೂತಿಗೆ 2010–11ರಲ್ಲಿ ಭೌಗೋಳಿಕ ಸೂಚ್ಯಂಕ, ಎಂದರೆ ನಿರ್ದಿಷ್ಟ ಸೀಮೆಯ ಉತ್ಪನ್ನಕ್ಕೆ ಮಾತ್ರ ಆ ಹೆಸರನ್ನು ಮೀಸಲಿಡುವ ಕಾನೂನು ರಕ್ಷಣೆ, ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ರೂಪಿಸಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಆದರೆ ಸೂಚ್ಯಂಕವು ಹೆಸರನ್ನು ಕಾಯುತ್ತದೆಯೇ ಹೊರತು ಕೂಲಿಯನ್ನು ನಿಗದಿಪಡಿಸುವುದಿಲ್ಲ. ಯಂತ್ರದ ಕಸೂತಿಯೂ ಅಚ್ಚು ಹಾಕಿದ ಅನುಕರಣೆಯೂ ಅಗ್ಗವಾಗಿ ದೊರೆಯುವಾಗ, ಬೆಲೆ ಇಳಿಸುವ ಒತ್ತಡವೆಲ್ಲ ಸೂಜಿ ಹಿಡಿದವಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೊಲಿಗೆಗೆ ತಗಲುವ ಗಂಟೆಗಳನ್ನು ಮೊದಲು ಎಣಿಸಿ, ಅದಕ್ಕೆ ತಕ್ಕ ಕೂಲಿಯನ್ನು ಲೆಕ್ಕಕ್ಕೆ ಹಿಡಿದು, ಆನಂತರ ವಸ್ತುವಿನ ಅಳತೆ, ಆಕಾರಗಳನ್ನು ಗೊತ್ತುಮಾಡುವ ವಿನ್ಯಾಸವೇ ಕುಶಲಕರ್ಮಿಗೆ ನಿಜವಾದ ಆಸರೆ. ಕೊಳ್ಳುವವರು ಕೂಡ ಬೆಲೆ ಕೇಳುವ ಮುನ್ನ ಹೊಲಿಗೆ ಕೈಯದೋ ಯಂತ್ರದ್ದೋ ಎಂದು ವಿಚಾರಿಸುವುದನ್ನು ರೂಢಿಸಿಕೊಳ್ಳಬೇಕು.