ಎಐ ಇದ್ದರೆ ಓದುವುದೇ ಬೇಡವೇ?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಒಂದು ಪಠ್ಯವಿಷಯ. ನಗರದಲ್ಲಿ 1963ರಿಂದ ನಡೆಯುತ್ತಿರುವ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ, ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ. ಎಂಬಿಬಿಎಸ್ ಓದುವವರಿಗೆ ಅದೇ ಎಐ ಜೇಬಿನಲ್ಲೇ ಸಿಗುವ ಮೇಷ್ಟ್ರು. ಅದರ ಸುತ್ತ ಹಬ್ಬಿರುವ ನಾಲ್ಕು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಎಐ ಪರೀಕ್ಷೆ ಪಾಸಾಗುತ್ತದೆ, ಇನ್ನು ನಾವು ಓದಿ ಏನು ಪ್ರಯೋಜನ?

ಸತ್ಯ: ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯ ಪ್ರಶ್ನೆಗಳಲ್ಲಿ ಚಾಟ್‌ಜಿಪಿಟಿ ಪಾಸಿನ ಅಂಚು ಮುಟ್ಟಿದ್ದು 2023ರಲ್ಲೇ ವರದಿಯಾಯಿತು. ಆದರೆ ಪ್ರಶ್ನೆಪತ್ರಿಕೆ ರೋಗಲಕ್ಷಣಗಳನ್ನು ಆರಿಸಿ, ಜೋಡಿಸಿ ಕೊಟ್ಟಿರುತ್ತದೆ. ಒಪಿಡಿಗೆ ಬಂದ ಅಜ್ಜ ಹೇಳುವುದು ಇಷ್ಟೇ: “ಎದಿಯಾಗ ಒಂಥರಾ ಆಗತೈತ್ರಿ, ಡಾಕ್ಟರ್ರ.” ಉರಿಯೋ, ಹಿಡಿತವೋ? ಉಂಡ ಮೇಲೋ, ಏರು ಹತ್ತುವಾಗಲೋ? ನೋವು ಎಡಗೈಗೆ ಇಳಿಯುತ್ತದೆಯೇ, ಬೆವರುತ್ತದೆಯೇ? ಆಸಿಡಿಟಿಯೋ ಹೃದಯದ ತೊಂದರೆಯೋ ಎಂಬ ದಾರಿ ಈ ಪ್ರಶ್ನೆಗಳಿಂದ ತೆರೆಯುತ್ತದೆ. ಕೇಳದೆ ಬಿಟ್ಟದ್ದನ್ನು ಎಐಗೆ ಟೈಪ್ ಮಾಡಲೂ ಆಗದು.

ತಪ್ಪು ಕಲ್ಪನೆ 2: ಎಐ ಕೈಯಲ್ಲಿದ್ದರೆ ರೋಗನಿರ್ಣಯ ತಾನಾಗಿ ಸುಧಾರಿಸುತ್ತದೆ.

ಸತ್ಯ: 2024ರಲ್ಲಿ ಅಮೆರಿಕದ 50 ವೈದ್ಯರ ಮೇಲೆ ನಡೆದ ಅಧ್ಯಯನದಲ್ಲಿ ಎಐ ಬಳಸಿದವರ ರೋಗನಿರ್ಣಯದ ಮಧ್ಯಾಂಕ (ಮೀಡಿಯನ್) ಶೇ 76, ಬಳಸದವರದು ಶೇ 74. ಗಣನೀಯ ವ್ಯತ್ಯಾಸವೇನೂ ಇಲ್ಲ. ವಿಚಿತ್ರವೆಂದರೆ, ಎಐ ಒಂದೇ ಉತ್ತರಿಸಿದಾಗ ಎರಡೂ ಗುಂಪಿಗಿಂತ ಹೆಚ್ಚು ಅಂಕ ಗಳಿಸಿತು. ಸಾಧನ ಇರುವುದು ಬೇರೆ, ಅದನ್ನು ಬಳಸಲು ಬರುವುದು ಬೇರೆ.

ತಪ್ಪು ಕಲ್ಪನೆ 3: ಒಮ್ಮೆ ಕಲಿತ ಕೌಶಲ ಎಲ್ಲಿಗೂ ಹೋಗದು.

ಸತ್ಯ: ಪೋಲೆಂಡಿನ ಅನುಭವಿ ವೈದ್ಯರು ಕೊಲೊನೋಸ್ಕೋಪಿಗೆ ಎಐ ನೆರವು ರೂಢಿಸಿಕೊಂಡ ಮೇಲೆ, ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಕರುಳಿನ ಗಡ್ಡೆ ಪತ್ತೆಯಾಗುವ ಪ್ರಮಾಣ ಶೇ 28.4ರಿಂದ 22.4ಕ್ಕೆ ಇಳಿದಿತ್ತು ಎಂದು 2025ರ ಅಧ್ಯಯನ ಹೇಳಿತು. ಇದಕ್ಕೆ ಎಐ ಒಂದೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಪಳಗಿದ ಕಣ್ಣಿಗೇ ಹೀಗಾಗಬಹುದಾದರೆ, ಇನ್ನೂ ಪಳಗದ ವಿದ್ಯಾರ್ಥಿ ಎಚ್ಚರದಿಂದಿರಬೇಕು.

ತಪ್ಪು ಕಲ್ಪನೆ 4: ಹಾಗಾದರೆ ಎಐ ಮುಟ್ಟಲೇಬಾರದು.

ಸತ್ಯ: ವೈವಾಕ್ಕೆ ಮುನ್ನ ಪ್ರಶ್ನೆ ಕೇಳಿಸಿಕೊಳ್ಳಲು, ರೋಗಿಯ ಪಾತ್ರ ಕೊಟ್ಟು ಹಿಸ್ಟರಿ ತೆಗೆಯುವ ಅಭ್ಯಾಸ ಮಾಡಲು ಅದು ಒಳ್ಳೆಯ ಜೊತೆಗಾರ. ಆದರೆ ಇಲ್ಲದ ಪ್ರಬಂಧವನ್ನೂ ಇದೆಯೆಂದು ಹೇಳುವ ಚಾಳಿ ಅದಕ್ಕಿದೆ. ಪಠ್ಯಪುಸ್ತಕದೊಂದಿಗೆ ತಾಳೆ ನೋಡಲೇಬೇಕು. ರೋಗಿಯ ಹೆಸರು, ಫೋಟೊ, ರಿಪೋರ್ಟುಗಳನ್ನು ಅದಕ್ಕೆ ಒಪ್ಪಿಸುವಂತಿಲ್ಲ.

ವಿದ್ಯಾರ್ಥಿಗಳೇ, ಕೇಸ್ ಶೀಟಿನಲ್ಲಿ ನಿಮ್ಮ ರೋಗನಿರ್ಣಯವನ್ನು ಮೊದಲು ನೀವೇ ಬರೆಯಿರಿ. ಎಐಯನ್ನು ಆಮೇಲೆ ಕೇಳಿ.